ಫೈಲ್ ಹೆಸರಲ್ಲಿ 21, ಹೆಡರಿನಲ್ಲಿ 20: ಯಾವುದು ಸರಿ?

ಪ್ರಶ್ನೆ (ಬದಿಯಡ್ಕದಿಂದ ಒಬ್ಬರು ಶಿಕ್ಷಕರು): ಸರ್, ನಮಸ್ಕಾರ. ನಮ್ಮ ಶಾಲೆಗೆ 8 ಇಂಚಿನ ಟೆಲಿಸ್ಕೋಪು, ತಣ್ಣಗೆ ಮಾಡುವ ಕ್ಯಾಮೆರಾ ಎರಡೂ ಬಂದಿವೆ. 2025ರ ಡಿಸೆಂಬರ್ 20ರ ರಾತ್ರಿ ಊರಿನ ಪದವಿನಲ್ಲಿ, ಅಂದರೆ ಎತ್ತರದ ಬಯಲಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಕೃತ್ತಿಕೆಯ ಫೋಟೋ ತೆಗೆದೆವು. ರಾತ್ರಿ ಒಂದೂವರೆಗೆ ತೆಗೆದ ಫೈಲಿನ ಹೆಸರಲ್ಲಿ 21ನೇ ತಾರೀಕು ಉಂಟು, ಒಳಗೆ ಹೆಡರಿನಲ್ಲಿ, ಅಂದರೆ ಚಿತ್ರದ ವಿವರ ಬರೆದಿರುವ ಆರಂಭದ ಸಾಲುಗಳಲ್ಲಿ, 20 ಉಂಟು. ಯಾವುದನ್ನು ನಂಬುವುದು? ಇನ್ನೊಂದು ವಿಷಯ. ಮಕ್ಕಳಿಗೆ ಅರ್ಥವಾಗಲಿ ಅಂತ ಒಂದು ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಕೃತ್ತಿಕೆಯ ಪಟ್ಟಿ-ಹೆಸರಾದ ಎಂ45 ಅಂತ ಇದ್ದಲ್ಲಿ ಕನ್ನಡದಲ್ಲಿ ಕೃತ್ತಿಕೆ ಅಂತ ಬರೆದು ಸೇವ್ ಮಾಡಿದೆ. ಈಗ ಆ ಫೈಲೇ ತೆರೆಯುವುದಿಲ್ಲ.

ಉತ್ತರ (ಹೊಸೂರಿನಿಂದ, ವೀಕ್ಷಣಾಲಯದ ಡೇಟಾ ಕೆಲಸ ಮಾಡುವವರು): ಮೇಷ್ಟ್ರೇ, ಮೊದಲು ಸಮಾಧಾನದ ಮಾತು. ಎರಡು ತಾರೀಕೂ ಸರಿಯೇ. ಫೈಲಿನ ಹೆಸರು ಲ್ಯಾಪ್‌ಟಾಪಿನ ಗಡಿಯಾರದ್ದು, ಅಂದರೆ ನಮ್ಮ ಭಾರತೀಯ ಸಮಯ. ಹೆಡರಿನಲ್ಲಿ ಫೋಟೋ ತೆಗೆದ ಹೊತ್ತನ್ನು ಹೇಳುವ ಡೇಟ್-ಆಬ್ಸ್ ಸಾಲು ವಿಶ್ವ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ 21ರ ಬೆಳಗಿನ ಜಾವ 1:30 ಅಂದರೆ ಅಲ್ಲಿ 20ರ ರಾತ್ರಿ 8 ಗಂಟೆ. ಅಳತೆಗೆಲ್ಲ ಹೆಡರನ್ನೇ ನಂಬಿ. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು, ಅಲ್ವಾ?

ಇದರಲ್ಲಿ ನಮಗೊಂದು ಲಾಭವೂ ಇದೆ. ವಿಶ್ವ ಸಮಯದ ತಾರೀಕು ಬದಲಾಗುವುದು ನಮ್ಮ ಬೆಳಗ್ಗೆ 5:30ಕ್ಕೆ. ಹಾಗಾಗಿ ನಮ್ಮ ರಾತ್ರಿ ಹೆಚ್ಚುಕಡಿಮೆ ಪೂರ್ತಿ ಒಂದೇ ತಾರೀಕಿನೊಳಗೆ ಬರುತ್ತದೆ. ಖಗೋಳಜ್ಞರು ದಿನಗಳನ್ನು ಸಾಲಾಗಿ ಎಣಿಸುವ ಜೂಲಿಯನ್ ದಿನ ಇನ್ನೂ ಚೆಂದ. ಅದು ಶುರುವಾಗುವುದು ವಿಶ್ವ ಸಮಯದ ಮಧ್ಯಾಹ್ನ 12ಕ್ಕೆ, ಅಂದರೆ ನಮ್ಮ ಸಂಜೆ 5:30ಕ್ಕೆ. ಸೂರ್ಯ ಮುಳುಗುವ ಹೊತ್ತಿಗೆ ಶುರುವಾದ ದಿನ ಬೆಳಗಾದರೂ ಬದಲಾಗುವುದಿಲ್ಲ.

ಫೈಲಿನ ಹೆಸರಿಗೆ ಮಾತ್ರ ಆ ರಾತ್ರಿ ಶುರುವಾದ ತಾರೀಕನ್ನೇ ಇಟ್ಟುಕೊಳ್ಳಿ. ನೀನಾ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಗಡಿಯಾರದಿಂದ 12 ಗಂಟೆ ಕಳೆದು ತಾರೀಕು ಬರೆಯುವ ಆಯ್ಕೆ ಇದೆ. ಬೆಳಗ್ಗೆ ಆರೂಕಾಲಿಗೆ ತೆಗೆದ ಫ್ಲಾಟ್ (ಚಿತ್ರದ ಏರುಪೇರು ಸರಿಪಡಿಸಲು ಸಮನಾದ ಬೆಳಕಿನಲ್ಲಿ ತೆಗೆಯುವ ಚಿತ್ರ) ಕೂಡ ಹಿಂದಿನ ರಾತ್ರಿಯ ಲೆಕ್ಕಕ್ಕೇ ಬೀಳುತ್ತದೆ. ನಾನು ಬರೆಯುವ ಕ್ರಮ ಹೀಗೆ:

20251220_ಎಂ45_ಲೈಟ್_60ಎಸ್_0001.ಫಿಟ್ಸ್

ಲೈಟ್ ಅಂದರೆ ಆಕಾಶದ ಚಿತ್ರ, 60ಎಸ್ ಅಂದರೆ 60 ಸೆಕೆಂಡು. ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ವರ್ಷ, ತಿಂಗಳು, ದಿನ ಅಂತ ಇಟ್ಟರೆ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. 1 ಅಂತ ಬರೆಯದೆ 0001 ಅಂತ ಬರೆಯಿರಿ, ಇಲ್ಲದಿದ್ದರೆ ಕೆಲವು ತಂತ್ರಾಂಶಗಳಲ್ಲಿ 1 ಆದಮೇಲೆ 10 ಬಂದು ಕೂರುತ್ತದೆ. ಗಂಟೆ, ನಿಮಿಷದ ನಡುವೆ ಕೋಲನ್ ಹಾಕಲು ವಿಂಡೋಸ್ ಬಿಡುವುದಿಲ್ಲ. ತಾರೀಕಿಲ್ಲದೆ ಬರೀ ನಂಬರ್ ಹಾಕಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಮಾರನೇ ರಾತ್ರಿ ಮತ್ತೆ 0001ರಿಂದ ಶುರುವಾಗಿ, ಹಿಂದಿನ ರಾತ್ರಿಯ ಫೈಲುಗಳ ಮೇಲೇ ಹೊಸದು ಕೂತಿತ್ತು.

ಇನ್ನು ನೋಟ್‌ಪ್ಯಾಡ್ ಕಥೆ. ಫಿಟ್ಸ್ ಅಂದರೆ ಖಗೋಳ ಚಿತ್ರಗಳನ್ನು ಉಳಿಸಲು 1981ರಿಂದ ಇರುವ ಫೈಲ್ ಮಾದರಿ. ಅದರ ಹೆಡರಿನ ಪ್ರತಿ ಸಾಲಿಗೂ ಸರಿಯಾಗಿ 80 ಅಕ್ಷರದ ಜಾಗ. ಅಂಥ 36 ಸಾಲು ಸೇರಿ 2880 ಬೈಟಿನ ಒಂದು ಕಟ್ಟು. ಸಾಲು ಮುಗಿಯಿತು ಅನ್ನುವ ಗುರುತೇ ಇರುವುದಿಲ್ಲ, ಎಲ್ಲ ಎಣಿಕೆಯ ಮೇಲೆ ನಡೆಯುತ್ತದೆ. ಎಂ45ಕ್ಕೆ ಇಂಗ್ಲಿಷಿನಲ್ಲಿ 3 ಬೈಟು ಸಾಕು. ಕೃತ್ತಿಕೆ ಕಣ್ಣಿಗೆ ಮೂರೇ ಅಕ್ಷರ. ಆದರೆ ಯೂನಿಕೋಡಿನಲ್ಲಿ ಒತ್ತು, ಗುಣಿತ ಸೇರಿ 8 ಚಿಹ್ನೆ, ಒಂದೊಂದಕ್ಕೆ 3 ಬೈಟಿನಂತೆ 24. ಅದರ ನಂತರ ಇದ್ದದ್ದೆಲ್ಲ 21 ಬೈಟು ಮುಂದಕ್ಕೆ ತಳ್ಳಿಹೋಯಿತು. ಸಾಲದ್ದಕ್ಕೆ ನೋಟ್‌ಪ್ಯಾಡ್ ಚಿತ್ರದ ಭಾಗವನ್ನೂ ಪಠ್ಯ ಅಂತಲೇ ತಿಳಿದು ಉಳಿಸುತ್ತದೆ. ಆ ಫೈಲಿನ ಆಸೆ ಬಿಡಿ. ಹೇಗೂ ಫಿಟ್ಸ್ ಹೆಡರಿಗೆ ಕನ್ನಡ ಲಿಪಿ ಹಿಡಿಸುವುದಿಲ್ಲ, ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಮಾತ್ರ. ಬೇಜಾರಿನ ಸಂಗತಿಯೇ. ಕನ್ನಡ ಹೆಸರುಗಳಿಗೆ ಮಕ್ಕಳ ಕೈಯಲ್ಲೇ ಒಂದು ವೀಕ್ಷಣೆ ಪುಸ್ತಕ ಬರೆಸಿ. ಹೆಡರ್ ತಿದ್ದಲೇಬೇಕಾದರೆ ಪೈಥಾನ್‌ನ ಆಸ್ಟ್ರೋಪೈ ಎಂಬ ತಂತ್ರಾಂಶ ಬಳಸಿ, ಅದೂ ನಕಲು ಪ್ರತಿಯ ಮೇಲೆ.

ಕುಂಬಳೆಯಿಂದ ಒಬ್ಬರು: ಸರ್, ನನ್ನದು ಮಾಮೂಲಿ ಡಿಎಸ್ಎಲ್ಆರ್. ಕ್ಯಾಮೆರಾದ ಮೂಲ ರಾ ಫೈಲನ್ನು ಫಿಟ್ಸ್‌ಗೆ ಬದಲಿಸುತ್ತೇನೆ. ಆಗಲೂ ವಿಶ್ವ ಸಮಯವೇ ಬರುತ್ತದಾ?

ಉತ್ತರ: ಅಲ್ಲೇ ಜನ ಜಾರುವುದು, ಮೇಡಂ. ಕ್ಯಾಮೆರಾ ಬರೆಯುವುದು ನೀವು ಅದರಲ್ಲಿ ಇಟ್ಟ ಸಮಯವನ್ನು. ಬದಲಿಸುವ ತಂತ್ರಾಂಶ ಅದನ್ನೇ ಎತ್ತಿ ಡೇಟ್-ಆಬ್ಸ್ ಸಾಲಿಗೆ ಹಾಕಿಬಿಡಬಹುದು. ಕೃತ್ತಿಕೆಯ ಚಂದದ ಫೋಟೋಗೆ ಅದರಿಂದ ಏನೂ ಆಗದು. ಆದರೆ ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ತನ್ನ ಅಗಲದಷ್ಟು ಸರಿಯುತ್ತಾನೆ. ಐದೂವರೆ ಗಂಟೆ ತಪ್ಪಿದರೆ ಐದೂವರೆ ಚಂದ್ರನಷ್ಟು ದೂರ! ಸುಮ್ನೆ ಕ್ಯಾಮೆರಾ ಗಡಿಯಾರವನ್ನೇ ವಿಶ್ವ ಸಮಯಕ್ಕೆ ಇಟ್ಟುಬಿಡಿ. ರಾಣಿಪುರಂ ಕಡೆ ಬೆಟ್ಟ ಹತ್ತುವುದಾದರೆ ನೆಟ್ ಇರುವಾಗಲೇ ಸಮಯ ಸರಿಮಾಡಿಕೊಂಡು ಹೊರಡಿ.

ಬದಿಯಡ್ಕದ ಶಿಕ್ಷಕರು: ಅರ್ಥವಾಯಿತು ಸರ್. ಈಗ ಹೆಡರ್ ಪೂರ್ತಿ ಓದಿದೆ. ಉಷ್ಣತೆ ಮೈನಸ್ 10, ಗೇನ್ (ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) 100, ಎಕ್ಸ್‌ಪೋಷರ್ 60, ಎಲ್ಲ ಸರಿ ಉಂಟು. ಅಕ್ಷಾಂಶ 12.6. ಆದರೆ ರೇಖಾಂಶ ಮೈನಸ್ 75.1 ಅಂತ ಉಂಟಲ್ಲ?

ಉತ್ತರ: ಹಾಗಾದರೆ ನಿಮ್ಮ ಪದವು ಕೆರಿಬಿಯನ್ ಸಮುದ್ರದ ನಡುವೆ ಇದೆ ಮಾರಾಯ್ರೆ! ಮೈನಸ್ ಅಂದರೆ ಪಶ್ಚಿಮ. ತಂತ್ರಾಂಶದ ಸೆಟ್ಟಿಂಗಿನಲ್ಲಿ ಪೂರ್ವ ಅಂತ ಬದಲಿಸಿ. ತಮಿಳುನಾಡಿನ ಕಾವಲೂರಿನ 2.34 ಮೀಟರಿನ ವೈನು ಬಪ್ಪು ಟೆಲಿಸ್ಕೋಪು ಕೂಡ ಹೆಚ್ಚುಕಡಿಮೆ ನಿಮ್ಮ ಅಕ್ಷಾಂಶದಲ್ಲೇ ಇದೆ, ರೇಖಾಂಶ ಪೂರ್ವಕ್ಕೆ 78.8. ಅಲ್ಲಿ ನೆತ್ತಿ ದಾಟಿದ ನಕ್ಷತ್ರ ಸುಮಾರು 15 ನಿಮಿಷಕ್ಕೆ ನಿಮ್ಮ ನೆತ್ತಿಗೆ ಬರುತ್ತದೆ. ತೆಗೆದ ಚಿತ್ರಕ್ಕೆ ತೊಂದರೆ ಇಲ್ಲ, ನಕ್ಷತ್ರ ಎಷ್ಟು ಎತ್ತರದಲ್ಲಿತ್ತು ಅನ್ನುವ ಲೆಕ್ಕ ಮಾತ್ರ ಕೆಟ್ಟಿರುತ್ತದೆ. ಅದೇ ಉಷ್ಣತೆ, ಅದೇ ಗೇನ್, ಅದೇ 60 ಸೆಕೆಂಡಿಗೆ ಡಾರ್ಕ್, ಅಂದರೆ ಕ್ಯಾಮೆರಾದ ಗದ್ದಲ ಕಳೆಯಲು ಕತ್ತಲಲ್ಲಿ ತೆಗೆಯುವ ಚಿತ್ರ, ತೆಗೆದಿದ್ದೀರಾ?

ಬದಿಯಡ್ಕದ ಶಿಕ್ಷಕರು: ಇಲ್ಲ ಸರ್. ಇವತ್ತು ರಾತ್ರಿ ಮುಚ್ಚಳ ಹಾಕಿ ತೆಗೆಯುತ್ತೇನೆ.