ಫ್ಯಾಟ್32 ಡಿಸ್ಕ್ ಎನ್‌ಟಿಎಫ್‌ಎಸ್ ಮಾಡಿದ ಮೇಲೆ ತೊಂದರೆ, ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಕಡೆಯವ: 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್. ನಮ್ಮೂರಿನ ಯಕ್ಷಗಾನದ ಇಡೀ ರಾತ್ರಿಯ ವಿಡಿಯೋಗಳೆಲ್ಲ ಅದರಲ್ಲೇ ಇವೆ. ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವಿಧಾನ) ಫ್ಯಾಟ್32 ಇದ್ದಿದ್ದರಿಂದ 4 ಜಿಬಿ ದಾಟಿದ ಫೈಲ್ ಕಾಪಿ ಆಗುತ್ತಿರಲಿಲ್ಲ. ವಿಂಡೋಸಿನ ಕನ್ವರ್ಟ್ ಕಮಾಂಡ್ ಕೊಟ್ಟು, ವಿಂಡೋಸಿನದೇ ಇನ್ನೊಂದು ಫೈಲ್‌ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಮಾಡಿದೆ. ಫೈಲ್‌ಗಳು ಹಾಗೇ ಉಳಿದಿವೆ. ಆದರೆ ಮನೆಯ ಹಳೇ ಟಿವಿ ಈಗ ಡಿಸ್ಕನ್ನೇ ತೋರಿಸುತ್ತಿಲ್ಲ. ಮಗಳ ಉಬುಂಟು (ಲಿನಕ್ಸ್) ಲ್ಯಾಪ್‌ಟಾಪಿನಲ್ಲಿ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಏನು ಮಾಡಲಿ?

ಶಿವಮೊಗ್ಗ ಸ್ಟುಡಿಯೋ: ಎಕ್ಸ್‌ಫ್ಯಾಟ್ ಮಾಡಿ, ದೊಡ್ಡ ಫೈಲ್ ಹಿಡಿಯುವ ಫೈಲ್‌ಸಿಸ್ಟಮ್ ಅದು, ಬೇರೆ ಮಾತೇ ಬೇಡ. ನಮ್ಮದು ಮದುವೆ ವಿಡಿಯೋ ಕೆಲಸ. ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಕೊಟ್ಟರೆ ಸಂಜೆಗೇ ಫೋನ್ ಬರುತ್ತಿತ್ತು, ಟಿವಿಯಲ್ಲಿ ಬರ್ತಿಲ್ಲ ಅಂತ. ಎಡಿಟಿಂಗ್ ಹುಡುಗನದು ಮ್ಯಾಕ್, ಅದು ಎನ್‌ಟಿಎಫ್‌ಎಸ್ ಓದುತ್ತದೆ ಅಷ್ಟೇ, ಬರೆಯುವುದಿಲ್ಲ. ಎಕ್ಸ್‌ಫ್ಯಾಟಿಗೆ ಹೋಗಲು ಫಾರ್ಮ್ಯಾಟೇ ಆಗಬೇಕಲ್ವಾ, ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದಕ್ಕೆ ಎಲ್ಲ ಇಳಿಸಿಡಲು 4 ಟಿಬಿ ಡಿಸ್ಕ್ ತಗೊಂಡೆ. 9,800 ರೂಪಾಯಿ. ಅದರ ಜೊತೆ ಬಂದ ಕೇಬಲ್ ಸಡಿಲ, ಹೊಸದಕ್ಕೆ 450. ಕಾಪಿ ನಡುವೆಯೇ ನಿಂತು ನಿಂತು ಒಂದು ಮದುವೆಯ ಡೆಲಿವರಿ ತಡವಾಯಿತು. ಹುಡುಗಿ ಕಡೆಯವರು ಬಾಕಿ 6,000 ಇವತ್ತಿನವರೆಗೂ ಕೊಟ್ಟಿಲ್ಲ. ಇಷ್ಟಾದರೂ ಹೇಳುತ್ತೇನೆ, ಅವತ್ತು ಮಾಡಿದ್ದೇ ಸರಿ. ಈಗ ವಿಂಡೋಸ್, ಮ್ಯಾಕ್, ಎಲ್ಲಿ ಹಾಕಿದರೂ ಬರುತ್ತದೆ. ಲಿನಕ್ಸ್ ಕರ್ನಲ್‌ನಲ್ಲೂ (ಲಿನಕ್ಸಿನ ತಿರುಳು) 5.4ನೇ ಆವೃತ್ತಿಯಿಂದ ಇದೆ.

ಸಾಗರ, ಅಡಿಕೆ ತೋಟ: ದಯವಿಟ್ಟು ಹೀಗೆ ಕಣ್ಣು ಮುಚ್ಚಿ ಎಕ್ಸ್‌ಫ್ಯಾಟ್ ಅನ್ನಬೇಡಿ. ಅದಕ್ಕೆ ಜರ್ನಲ್ (ಅರ್ಧಕ್ಕೆ ನಿಂತ ಬದಲಾವಣೆ ಸರಿಪಡಿಸಿಕೊಳ್ಳಲು ಇಡುವ ದಾಖಲೆ) ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಗೆ ಹೋಗುತ್ತದೆ ಅಂತ ಪೇಟೆಯವರಿಗೆ ಗೊತ್ತಿಲ್ಲ. ಜುಲೈ ತಿಂಗಳು, ಕಾಪಿ ಆಗುತ್ತಿತ್ತು, ಲೈನ್ ಮೇಲೆ ಮರ ಬಿತ್ತು. ಕರೆಂಟ್ ಬಂದ ಮೇಲೆ ಡಿಸ್ಕ್ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿತು. ಅಪ್ಪನ ಕಾಲದ ಪಹಣಿ, ಕ್ರಯಪತ್ರಗಳ ಸ್ಕ್ಯಾನ್ ಎಲ್ಲ ಅದರಲ್ಲಿತ್ತು. ಬೆಂಗಳೂರಿನ ರಿಕವರಿ ಅಂಗಡಿಯವರು ಬರೀ ನೋಡುವುದಕ್ಕೆ 1,500 ತಗೊಂಡು, ಆಮೇಲೆ 32,000 ಎಂದರು. ಡಿಸ್ಕ್ ವಾಪಸ್ ತಂದು ಫೋಟೋರೆಕ್ ಎಂಬ ರಿಕವರಿ ತಂತ್ರಾಂಶ ಓಡಿಸಿದೆ. ಫೈಲ್ ಸಿಕ್ಕವು, ಹೆಸರುಗಳೆಲ್ಲ ಹೋಗಿದ್ದವು. ಎಫ್ ಅಂತ ಒಂದು ಅಕ್ಷರ, ಮುಂದೆ ಉದ್ದ ಅಂಕಿ. ಯಾವ ಸರ್ವೆ ನಂಬರಿನದು ಯಾವುದು ಎಂದು ಒಂದೊಂದೇ ತೆರೆದು ಹೆಸರಿಡುತ್ತಾ ಬಂದೆ, ಇನ್ನೂ ಮುಗಿದಿಲ್ಲ. ಇನ್ನೊಂದು ವಿಷಯ. ಎಕ್ಸ್‌ಫ್ಯಾಟಿನಲ್ಲಿ ದೊಡ್ಡ ಡಿಸ್ಕಿಗೆ ವಿಂಡೋಸ್ ತಾನಾಗಿ 128 ಕೆಬಿ ಕ್ಲಸ್ಟರ್ (ಒಂದು ಫೈಲಿಗೆ ಕೊಡುವ ಕನಿಷ್ಠ ಜಾಗ) ಇಡುತ್ತದೆ. 2 ಕೆಬಿ ಫೈಲೂ 128 ಕೆಬಿ ಜಾಗ ತಿನ್ನುತ್ತದೆ. ಸಣ್ಣ ಫೈಲ್ ಜಾಸ್ತಿ ಇದ್ದವರಿಗೆ ಬರೀ ನಷ್ಟ. ಎನ್‌ಟಿಎಫ್‌ಎಸ್ ಮಾಡಿದ್ದೀರಿ, ಅದರಲ್ಲೇ ಇರಿ.

ಶಿವಮೊಗ್ಗ ಸ್ಟುಡಿಯೋ: ಪೇಟೆಯವರು ಅಂದರೆ ಏನರ್ಥ? ನಮಗೂ ಕರೆಂಟ್ ಹೋಗುತ್ತದೆ. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ಇಟ್ಟುಕೊಂಡು ಫೈಲ್‌ಸಿಸ್ಟಮ್ ಬೈಯುವುದು ಯಾವ ನ್ಯಾಯ?

ಸಾಗರ, ಅಡಿಕೆ ತೋಟ: ಯುಪಿಎಸ್ ಇತ್ತು ಮಾರಾಯ್ರೆ! ದಿನವಿಡೀ ಕರೆಂಟ್ ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಆಗುವುದು ಯಾವಾಗ?

ಹೊಸನಗರ, ಲಿನಕ್ಸ್ ಮಾತ್ರ: ವಿಂಡೋಸಿನದು ಬಿಡಿ. ನಾನು ಲಿನಕ್ಸ್ ಕೂತಿದ್ದ ಇಎಕ್ಸ್‌ಟಿ4 ರೂಟ್ ಪಾರ್ಟಿಷನ್ನನ್ನೇ ಬಿಟಿಆರ್‌ಎಫ್‌ಎಸ್ ಮಾಡಿದವನು, ಎರಡೂ ಲಿನಕ್ಸಿನ ಫೈಲ್‌ಸಿಸ್ಟಮ್. ಕನ್ವರ್ಟ್ ಸಲೀಸಾಗಿ ಆಯಿತು. ರೀಬೂಟ್ ಮಾಡಿದರೆ ಕಪ್ಪು ಪರದೆ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನ ಪುಟ್ಟ ವ್ಯವಸ್ಥೆ) ಪ್ರಾಂಪ್ಟ್. ಕನ್ವರ್ಟ್ ಮಾಡುವಾಗ ಯುಯುಐಡಿ (ಫೈಲ್‌ಸಿಸ್ಟಮಿನ ಗುರುತು ಸಂಖ್ಯೆ) ಹೊಸದಾಗಿತ್ತು, ಬೂಟ್ ಆಗುವಾಗ ಯಾವುದನ್ನು ಜೋಡಿಸಬೇಕು ಎಂಬ ಪಟ್ಟಿ ಎಫ್‌ಎಸ್‌ಟ್ಯಾಬಿನಲ್ಲಿ ಹಳೆಯದೇ ಕೂತಿತ್ತು. ಲೈವ್ ಯುಎಸ್‌ಬಿಯಿಂದ ಒಳಗೆ ಹೋಗಿ ಯುಯುಐಡಿ ತಿದ್ದಿದೆ, ಟೈಪ್ ಬದಲಿಸಿದೆ, ಬೂಟ್ ವೇಳೆ ತಪಾಸಣೆ ಆಗದಂತೆ ಸಾಲಿನ ಕೊನೆಯ ಅಂಕಿ 0 ಮಾಡಿದೆ. ಇನಿಟ್‌ರಾಮ್‌ಎಫ್‌ಎಸ್, ಗ್ರಬ್ (ಬೂಟ್ ಲೋಡರ್) ಎರಡನ್ನೂ ಮತ್ತೆ ಕಟ್ಟಿದೆ. ಎದ್ದಿತು. ಆಮೇಲೆ ನೋಡಿದರೆ ಫೈಲ್ ಅಳಿಸಿದರೂ ಜಾಗ ಬಿಡುಗಡೆ ಆಗುತ್ತಿಲ್ಲ. ಹಳೇ ಫೈಲ್‌ಸಿಸ್ಟಮಿನ ಪ್ರತಿಯನ್ನು ಒಂದು ಸಬ್‌ವಾಲ್ಯೂಮಿನಲ್ಲಿ (ಒಳವಿಭಾಗ) ಕನ್ವರ್ಟ್ ತಾನೇ ಉಳಿಸಿಕೊಂಡಿರುತ್ತದೆ. ಅದನ್ನು ಅಳಿಸಿ, ಡಿಫ್ರಾಗ್ ಮಾಡಿ (ಚದುರಿದ ತುಂಡು ಒಟ್ಟುಗೂಡಿಸಿ), ಬ್ಯಾಲೆನ್ಸ್ (ಜಾಗದ ಮರುಹಂಚಿಕೆ) ಓಡಿಸಬೇಕು. ಅಳಿಸಿದ ಮೇಲೆ ಇಎಕ್ಸ್‌ಟಿ4ಗೆ ಹಿಂದೆ ಹೋಗುವ ದಾರಿ ಮುಚ್ಚಿತು, ನೆನಪಿರಲಿ. ಈಗ ಡೇಟಾ ಕೆಟ್ಟರೆ ಹಿಡಿಯುವ ಚೆಕ್‌ಸಮ್ ಇದೆ, ಆ ಕ್ಷಣದ ಸ್ಥಿತಿ ಉಳಿಸುವ ಸ್ನ್ಯಾಪ್‌ಶಾಟ್ ಇದೆ. ನೆಮ್ಮದಿ.

ಶಿವಮೊಗ್ಗ ಸ್ಟುಡಿಯೋ: ಅವರು ಕೇಳಿದ್ದು ಟಿವಿ ಬಗ್ಗೆ ಅಣ್ಣ. ಬಿಟಿಆರ್‌ಎಫ್‌ಎಸ್ ಡಿಸ್ಕನ್ನು ಮನೆಯ ಹಳೇ ಟಿವಿ ಓದುತ್ತದಾ?

ಹೊಸನಗರ, ಲಿನಕ್ಸ್ ಮಾತ್ರ: ಟಿವಿಗಾಗಿ ಡೇಟಾ ಬಲಿ ಕೊಡಬೇಕಾ? ನಿಮ್ಮ ಎಕ್ಸ್‌ಫ್ಯಾಟಿನಲ್ಲಿ ಒಂದು ವಿಡಿಯೋ ಒಳಗೊಳಗೇ ಕೆಟ್ಟರೆ ನಿಮಗೆ ಗೊತ್ತೂ ಆಗಲ್ಲ.

ಕೊಪ್ಪ: ಜಗಳ ಸಾಕು. ಬರೆಯಲು ಬಿಡದ ತೊಂದರೆ ನನಗೂ ಇತ್ತು. ಸರ್ವಿಸ್‌ನವರು ಡಿಸ್ಕೇ ಹೋಗಿದೆ ಎಂದು 700 ತಗೊಂಡು ಕಳಿಸಿದರು. ಡಿಸ್ಕ್ ಸರಿಯಾಗೇ ಇತ್ತು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಆಗುವುದಿಲ್ಲ. ಆಗ ಲಿನಕ್ಸ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುವುದಕ್ಕೆ ಮಾತ್ರ ತೆರೆಯುತ್ತದೆ. ಆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ವಿಂಡೋಸಿನಲ್ಲೇ ಒಂದು ಸಲ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ತಪಾಸಣೆ) ಓಡಿಸಿ, ಇಜೆಕ್ಟ್ ಕೊಟ್ಟು ತೆಗೆಯಿರಿ. ಫ್ಯಾಟ್32ಗೆ ವಾಪಸ್ ಹೋಗುವ ಕಮಾಂಡ್ ವಿಂಡೋಸಿನಲ್ಲಿ ಇಲ್ಲ, ಫಾರ್ಮ್ಯಾಟೇ ಗತಿ.

ಆಗುಂಬೆ ಹತ್ತಿರ: ಯಾರೂ ತೇವದ ಬಗ್ಗೆ ಹೇಳಲಿಲ್ಲ. ನನ್ನ ಡಿಸ್ಕಿನ ಯುಎಸ್‌ಬಿ ಪಿನ್ ಮೇಲೆ ಹಸಿರು ಕಿಲುಬು ಹತ್ತಿತ್ತು. ಫೈಲ್‌ಸಿಸ್ಟಮ್ ಯಾವುದಾದರೂ ಇರಲಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಸಾಗರ, ಅಡಿಕೆ ತೋಟ: ಸಿಲಿಕಾ ಜೆಲ್ ನಮ್ಮ ಮಳೆಗೆ ವಾರವೂ ತಡೆಯಲ್ಲ. ಒಲೆ ಮೇಲಿನ ಅಟ್ಟದಲ್ಲಿಡಿ.

ಆಗುಂಬೆ ಹತ್ತಿರ: ಹೊಗೆಗೆ ಡಿಸ್ಕ್ ಇಡುವುದಾ? ಜೆಲ್ ಬಿಸಿ ಮಾಡಿದರೆ ಮತ್ತೆ ಒಣಗುತ್ತದೆ, ಅದು ಗೊತ್ತಿಲ್ಲದೆ ಮಾತಾಡಬೇಡಿ.

ತೀರ್ಥಹಳ್ಳಿ ಕಡೆಯವ: ಕೊಪ್ಪದವರೇ, ಫಾಸ್ಟ್ ಸ್ಟಾರ್ಟಪ್ ತೆಗೆದೆ, ಉಬುಂಟು ಈಗ ಬರೆಯುತ್ತಿದೆ. ತುಂಬಾ ಉಪಕಾರ. ಟಿವಿ ಮಾತ್ರ ಹಾಗೇ ಇದೆ.

ಶಿವಮೊಗ್ಗ ಸ್ಟುಡಿಯೋ: ಅದಕ್ಕೇ ಹೇಳಿದ್ದು ಎಕ್ಸ್‌ಫ್ಯಾಟ್ ಅಂತ. ಮೊದಲು ಒಂದು ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಮಾಡಿ ಅದೇ ಟಿವಿಗೆ ಹಾಕಿ ನೋಡಿ.

ಸಾಗರ, ಅಡಿಕೆ ತೋಟ: ಹಾಕಿ ನೋಡಿ. ಆದರೆ ವಿಡಿಯೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಲ್ಲದೆ ಆ 1 ಟಿಬಿಯನ್ನು ಮುಟ್ಟಬೇಡಿ.