ದೂರದ ಶಿಬಿರ ಪ್ರವಾಸಕ್ಕೆ ವಾಹನವನ್ನು ಸಜ್ಜುಗೊಳಿಸುವಾಗ ಯಾವುದು ಮೊದಲು?

ಪ್ರಶ್ನೆ: ದಾರಿಹೋಕ

ನಮಸ್ಕಾರ. ಕಳೆದ ವರ್ಷ ನಾವು ಡೀಸೆಲ್ ಎಂಜಿನ್ನಿನ ಫೋರ್ ವೀಲ್ ಡ್ರೈವ್ ವಾಹನವೊಂದನ್ನು ಕೊಂಡೆವು. ಕಡಿದಾದ, ಕಷ್ಟದ ದಾರಿಯಲ್ಲಿ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರ್ ಇದೆ, ಚಾಸಿ ಗಟ್ಟಿಯಾಗಿದೆ, ಇದುವರೆಗೆ ಯಾವ ಬದಲಾವಣೆಯನ್ನೂ ಮಾಡಿಸಿಲ್ಲ. ನಾವಿಬ್ಬರು ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಡಾಂಬರು ರಸ್ತೆ ಮುಗಿದ ಮೇಲೂ ಎಂಟು-ಹತ್ತು ದಿನ ಯಾರ ನೆರವೂ ಇಲ್ಲದೆ ಪ್ರಯಾಣಿಸಿ, ರಾತ್ರಿ ಬಯಲಿನಲ್ಲೇ ತಂಗುವಂತಾಗಬೇಕು ಎಂಬುದು ನಮ್ಮ ಬಹುದಿನಗಳ ಆಸೆ.

ಮನಸ್ಸಿನಲ್ಲಿರುವ ಪಟ್ಟಿ ಹೀಗಿದೆ: ಉಕ್ಕಿನ ಮುಂಬದಿ ಬಂಪರ್ ಮತ್ತು ಅದರಲ್ಲಿ ವಿಂಚ್ (ಡ್ರಮ್ಮಿಗೆ ಹಗ್ಗ ಸುತ್ತಿ ಹೂತ ಗಾಡಿಯನ್ನು ಎಳೆಯುವ ಯಂತ್ರ), ಮೇಲೆ ಕ್ಯಾರಿಯರ್ ಹಾಗೂ ರೂಫ್ ಟೆಂಟ್, ಹಿಂದೆ ಡ್ರಾಯರ್‌ಗಳು, ಎರಡನೆಯ ಬ್ಯಾಟರಿ, ಫ್ರಿಜ್, 60 ಲೀಟರ್ ನೀರು, 40 ಲೀಟರ್ ಹೆಚ್ಚುವರಿ ಡೀಸೆಲ್, ಜೊತೆಗೆ ಗಾಡಿಯನ್ನು 5 ಸೆಂಟಿಮೀಟರ್ ಎತ್ತರಿಸುವ ಸಸ್ಪೆನ್ಷನ್. ಎಲ್ಲವನ್ನೂ ಒಮ್ಮೆಗೇ ಮಾಡಿಸುವುದು ಸಾಧ್ಯವಿಲ್ಲ. ಯಾವುದರಿಂದ ಆರಂಭಿಸಬೇಕು ಎಂದು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ. ಕೈಪಿಡಿಯ ಪ್ರಕಾರ ಖಾಲಿ ಗಾಡಿಯ ತೂಕ 2,200 ಕಿಲೋ, ಗರಿಷ್ಠ ಒಟ್ಟು ತೂಕ 2,800 ಕಿಲೋ.

ಉತ್ತರ: ಹಳೆಯ ಚಾಲಕ

ಕೊನೆಯ ಸಾಲಿನಲ್ಲಿ ನೀವು ಕೊಟ್ಟಿರುವ ಎರಡು ಅಂಕಿಗಳಲ್ಲೇ ನಿಮ್ಮ ಪ್ರಶ್ನೆಯ ಉತ್ತರವಿದೆ. 2,800ರಲ್ಲಿ 2,200 ಕಳೆದರೆ ಉಳಿಯುವ 600 ಕಿಲೋ ನಿಮ್ಮ ಬಳಿ ಇರುವ ನಿಜವಾದ ಬಂಡವಾಳ. ಹಣಕ್ಕಿಂತ ಮೊದಲು ಅದನ್ನು ಎಲ್ಲಿ ಖರ್ಚು ಮಾಡುತ್ತೀರಿ ಎಂದು ತೀರ್ಮಾನಿಸಬೇಕು. ಅನೇಕರು ಈ ಮಿತಿ ಸಾಮಾನಿಗೆ ಮಾತ್ರ ಎಂದುಕೊಳ್ಳುತ್ತಾರೆ. ಗಾಡಿಯಲ್ಲಿ ಕುಳಿತವರೂ ಅದರೊಳಗೇ ಬರುತ್ತಾರೆ. ನಿಮ್ಮ ನಾಲ್ವರಿಗೆ 220 ಕಿಲೋ ಎಂದಿಟ್ಟುಕೊಂಡರೆ ಉಳಿಯುವುದು 380.

ಈಗ ನಿಮ್ಮ ಪಟ್ಟಿಯನ್ನು ತೂಗಿ ನೋಡೋಣ. ಇವು ಅಂದಾಜುಗಳೇ ಆದರೂ ವಾಸ್ತವಕ್ಕೆ ದೂರವಲ್ಲ. ಬಂಪರ್ ಮತ್ತು ವಿಂಚ್ ಸೇರಿ 95 ಕಿಲೋ, ಕ್ಯಾರಿಯರ್ ಮತ್ತು ರೂಫ್ ಟೆಂಟ್ ಸೇರಿ ಇನ್ನೊಂದು 95, ಡ್ರಾಯರ್‌ಗಳು 60, ಸೀಸದ ಬ್ಯಾಟರಿ 30, ತುಂಬಿದ ಫ್ರಿಜ್ 45, ನೀರು 60, ಎರಡು ಉಕ್ಕಿನ ಕ್ಯಾನುಗಳಲ್ಲಿ 40 ಲೀಟರ್ ಡೀಸೆಲ್ 42. ಪಟ್ಟಿಯಲ್ಲಿ ನೀವು ಬರೆಯದೆ ಬಿಟ್ಟ, ಆದರೆ ಖಂಡಿತ ಬೇಕಾಗುವ ಪಾನಾ-ಜಾಕ್ ಮತ್ತು ಗಾಡಿ ಹೊರತೆಗೆಯುವ ಸಾಮಗ್ರಿಗೆ 45, ಅಡುಗೆ ಸಾಮಾನು, ಬಟ್ಟೆ, ಹಾಸಿಗೆ, ಕುರ್ಚಿಗಳಿಗೆ 70. ಒಟ್ಟು 542 ಕಿಲೋ. ಅಂದರೆ ಗಾಡಿಯಲ್ಲಿ ಜಾಗ ಉಳಿದಿರುವಾಗಲೇ ನೀವು ಮಿತಿಯನ್ನು 162 ಕಿಲೋದಷ್ಟು ದಾಟಿರುತ್ತೀರಿ.

ಮಿತಿ ಮೀರಿದ ಗಾಡಿ ಹೊರಟ ದಿನವೇ ಕೆಡುವುದಿಲ್ಲ ಎನ್ನುವುದೇ ಇದರ ಅಪಾಯ. ಬ್ರೇಕ್ ಹಿಡಿದಾಗ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ, ಟೈರ್ ಒಳಗೊಳಗೇ ಬಿಸಿಯಾಗುತ್ತದೆ, ಸಾಲುಸಾಲು ಉಬ್ಬುಗಳ ಕಚ್ಚಾ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದ ಮೇಲೆ ಶಾಕ್ ಅಬ್ಸಾರ್ಬರಿನ ಎಣ್ಣೆ ಕಾದು ನೊರೆಯಾಗಿ ಅದು ತನ್ನ ಕೆಲಸವನ್ನೇ ನಿಲ್ಲಿಸುತ್ತದೆ. ನನ್ನ ಮೊದಲ ವಾಹನದಲ್ಲಿ ಹಿಂಬದಿಯ ಶಾಕ್ ಅಬ್ಸಾರ್ಬರಿನ ಬ್ರಾಕೆಟ್ ಬಿರುಕು ಬಿಟ್ಟಿದ್ದು ಹೀಗೆಯೇ. ಅದು ಕಣ್ಣಿಗೆ ಬಿದ್ದದ್ದು ಮೂರನೆಯ ಪ್ರವಾಸದಲ್ಲಿ, ಊರಿನಿಂದ ಎರಡು ದಿನದ ದೂರದಲ್ಲಿ. ಆ ಬಿರುಕಿಗೆ ನಾನು ಹೇರಿದ ಭಾರವೇ ಕಾರಣ.

ರೂಫ್ ಟೆಂಟ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಛಾವಣಿಗೆ ಎರಡು ಮಿತಿಗಳಿರುತ್ತವೆ: ಗಾಡಿ ಚಲಿಸುವಾಗಿನದು ಒಂದು, ನಿಂತಾಗಿನದು ಇನ್ನೊಂದು. ನಿಂತ ಗಾಡಿಯ ಛಾವಣಿ ಮೇಲೆ ಮಲಗುವವರ ಭಾರವನ್ನು ಹೊರುತ್ತದೆ. ಚಲಿಸುವಾಗಿನ ಮಿತಿ ಬಹಳಷ್ಟು ವಾಹನಗಳಲ್ಲಿ 50ರಿಂದ 100 ಕಿಲೋ ಮಾತ್ರ, ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿರುತ್ತದೆ. ಕಚ್ಚಾ ರಸ್ತೆಗೆ ಇದಕ್ಕಿಂತಲೂ ಕಡಿಮೆ ಮಿತಿ ಹೇಳುವ ತಯಾರಕರಿದ್ದಾರೆ. ಮಿತಿಯೊಳಗಿದ್ದರೂ, ಅಷ್ಟು ಎತ್ತರದಲ್ಲಿರುವ ಭಾರವು ಗುರುತ್ವ ಕೇಂದ್ರವನ್ನು ಮೇಲಕ್ಕೇರಿಸಿ, ಪಕ್ಕಕ್ಕೆ ಇಳಿಜಾರಾದ ದಾರಿಯಲ್ಲಿ ಗಾಡಿ ಮಗುಚುವ ಸಂಭವವನ್ನು ಹೆಚ್ಚಿಸುತ್ತದೆ. ನೀರು, ಬ್ಯಾಟರಿ, ಉಪಕರಣಗಳಂಥ ಭಾರದ ವಸ್ತುಗಳು ಎರಡು ಆಕ್ಸಲ್‌ಗಳ ನಡುವೆ, ಆದಷ್ಟು ಕೆಳಗೆ ಇರಬೇಕು.

ಆದ್ದರಿಂದ ಮೊದಲು ಏನನ್ನೂ ಕೊಳ್ಳಬೇಡಿ. ಟ್ಯಾಂಕ್ ತುಂಬಿಸಿ ಗಾಡಿಯನ್ನು ವೇಬ್ರಿಡ್ಜ್ (ವಾಹನ ತೂಗುವ ತಕ್ಕಡಿ) ಮೇಲೆ ನಿಲ್ಲಿಸಿ. ಖಾಲಿ ಗಾಡಿಯ ತೂಕ ಎಂದು ಕೈಪಿಡಿಯಲ್ಲಿ ಬರೆದಿರುವುದನ್ನು ಎಲ್ಲ ತಯಾರಕರೂ ಒಂದೇ ರೀತಿ ಲೆಕ್ಕ ಹಾಕುವುದಿಲ್ಲ. ಕೆಲವರು ಚಾಲಕನನ್ನೂ ಸೇರಿಸುತ್ತಾರೆ, ಕೆಲವರು ಇಲ್ಲ.

ಉತ್ತರ: ತಂತಿ ಮತ್ತು ಫ್ಯೂಸ್

ತೂಕದ ಲೆಕ್ಕ ಸರಿಯಾಗಿದೆ. ವಿದ್ಯುತ್ತಿಗೂ ಅಂಥದ್ದೇ ಲೆಕ್ಕವೊಂದನ್ನು ಮಾಡಿಕೊಳ್ಳಬೇಕು, ಏಕೆಂದರೆ ಹೆಚ್ಚಿನವರು ಬ್ಯಾಟರಿಯನ್ನು ಮೊದಲು ಕೊಂಡು ಖರ್ಚನ್ನು ಆಮೇಲೆ ಅಳೆಯುತ್ತಾರೆ.

ಸುಮಾರು 40 ಲೀಟರಿನ ಕಂಪ್ರೆಸರ್ ಫ್ರಿಜ್ ಓಡುವಾಗ 45 ವಾಟ್ ಆಸುಪಾಸು ಎಳೆಯುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಅದು ದಿನದ ಶೇಕಡಾ 40ರಷ್ಟು ಹೊತ್ತು ಓಡುತ್ತದೆ ಎಂದರೆ 24 ಗಂಟೆಗೆ 430 ವಾಟ್ ಅವರ್, ಅಂದರೆ 12 ವೋಲ್ಟಿನಲ್ಲಿ 36 ಆಂಪಿಯರ್ ಅವರ್. ದೀಪ ಮತ್ತು ಫೋನ್ ಚಾರ್ಜಿಂಗ್ ಸೇರಿಸಿದರೆ ದಿನಕ್ಕೆ 45. ಎಜಿಎಂ ಎಂಬ ಮುಚ್ಚಿದ ಬಗೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಅದರ ಆಯಸ್ಸು ಬೇಗ ತೀರುತ್ತದೆ. ಆದ್ದರಿಂದ 100 ಆಂಪಿಯರ್ ಅವರ್ ಬ್ಯಾಟರಿ ನಿಮಗೆ ಒಂದು ದಿನಕ್ಕೆ ಸಾಕಾಗುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ 80-90ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು, ತೂಕವೂ 30ರ ಬದಲು 12-13 ಕಿಲೋ. ಆದರೆ ಎರಡು ಎಚ್ಚರಿಕೆಗಳಿವೆ. ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು, ಎಂಜಿನ್ನಿನ ಬಿಸಿಯ ಪಕ್ಕದಲ್ಲಿ ಕೂರಿಸಲೂ ಬಾರದು.

ಎರಡನೆಯ ಬ್ಯಾಟರಿಯನ್ನು ಆಲ್ಟರ್ನೇಟರಿಗೆ (ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಭಾಗ) ನೇರವಾಗಿ ಜೋಡಿಸಬೇಡಿ. ಈಗಿನ ಅನೇಕ ವಾಹನಗಳಲ್ಲಿ ಇಂಧನ ಉಳಿಸಲೆಂದು ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರ್ ಏರಿಳಿಸುತ್ತಿರುತ್ತದೆ, ಇನ್ನು ಲಿಥಿಯಂ ಬ್ಯಾಟರಿಯ ಒಳರೋಧ ಬಹಳ ಕಡಿಮೆಯಾದ್ದರಿಂದ ಆಲ್ಟರ್ನೇಟರ್ ಸುಡುವಷ್ಟು ಕರೆಂಟನ್ನು ಅದು ಎಳೆದುಕೊಳ್ಳಬಲ್ಲದು. ನಡುವೆ ವೋಲ್ಟೇಜನ್ನೂ ಕರೆಂಟನ್ನೂ ಹದದಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಲಿ. 25 ಆಂಪಿಯರಿನದಾದರೆ ಎರಡು ಗಂಟೆಯ ಪ್ರಯಾಣದಲ್ಲಿ ನಿಮ್ಮ ದಿನದ ಖರ್ಚು ಭರ್ತಿಯಾಗುತ್ತದೆ. ಒಂದೇ ಕಡೆ ಮೂರು ದಿನ ತಂಗುವುದಾದರೆ ಮಾತ್ರ ಸೋಲಾರ್ ಬೇಕು; 100 ವಾಟಿನ ಹಲಗೆ ಒಳ್ಳೆಯ ಬಿಸಿಲಿರುವ ದಿನ 27 ಆಂಪಿಯರ್ ಅವರ್ ಕೊಟ್ಟರೆ ಅದೇ ಹೆಚ್ಚು.

ನನ್ನ ಕಣ್ಣಿಗೆ ಅತಿ ಹೆಚ್ಚು ಬೀಳುವ ತಪ್ಪು ತೆಳ್ಳಗಿನ ವೈರ್. ಮುಂದಿನಿಂದ ಹಿಂದಕ್ಕೆ ಹೋಗಿ ಬರುವ 10 ಮೀಟರ್ ತಾಮ್ರದ ತಂತಿ 1.5 ಚದರ ಮಿಲಿಮೀಟರಿನದಾದರೆ 5 ಆಂಪಿಯರ್ ಹರಿಯುವಾಗ 0.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ ಶಕ್ತಿ ಇದ್ದರೂ ಫ್ರಿಜ್ ಅದನ್ನು ಖಾಲಿಯೆಂದು ತಿಳಿದು ನಡುರಾತ್ರಿಯಲ್ಲಿ ಆಫ್ ಆಗುತ್ತದೆ. ಫ್ರಿಜ್ ಕೆಟ್ಟಿದೆ ಎಂದು ಹಿಂದಿರುಗಿಸಿದವರನ್ನು ನಾನು ಬಲ್ಲೆ. 6 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.15 ವೋಲ್ಟಿಗೆ ಇಳಿಯುತ್ತದೆ. ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಬೇಕು. ಫ್ಯೂಸ್ ಕಾಯುವುದು ಫ್ರಿಜ್ಜನ್ನಲ್ಲ, ವೈರನ್ನು; ಚೂಪಾದ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದ ವೈರು ಬಾಡಿಗೆ ತಗಲಿದಾಗ ಗಾಡಿಗೆ ಬೆಂಕಿ ಹತ್ತದಂತೆ ತಡೆಯುವುದು ಅದೊಂದೇ.

ಉತ್ತರ: ಕೆಸರುಹಾದಿ

ಹಿಂದಿನ ಇಬ್ಬರೂ ಹೇಳದ ವಿಷಯವೊಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಮೊದಲನೆಯದು: ಟೈರ್ ಮತ್ತು ಅದರೊಳಗಿನ ಗಾಳಿ. ಒಳ್ಳೆಯ ಆಲ್ ಟೆರೇನ್ ಟೈರ್‌ಗಳು, ನಂಬಬಹುದಾದ ಪ್ರೆಷರ್ ಗೇಜ್, 12 ವೋಲ್ಟಿನ ಕಂಪ್ರೆಸರ್, ಪಂಕ್ಚರ್ ಕಿಟ್, ಒಂದು ಸಲಿಕೆ. ಇಷ್ಟು ಇದ್ದವರು ವಿಂಚ್ ಇದ್ದೂ ಗಾಳಿ ಇಳಿಸಲು ಸೋಮಾರಿತನ ಮಾಡುವವರಿಗಿಂತ ಮುಂದೆ ಹೋಗುತ್ತಾರೆ.

ಮರಳಿನಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದನ್ನು 18ಕ್ಕೆ ಇಳಿಸಿದಾಗ ಟೈರ್ ನೆಲಕ್ಕೆ ತಾಗುವ ಭಾಗ ಮುಖ್ಯವಾಗಿ ಉದ್ದಕ್ಕೆ ಬೆಳೆಯುತ್ತದೆ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಚಕ್ರ ಹೂತುಕೊಳ್ಳದೆ ತೇಲಿದಂತೆ ಸಾಗುತ್ತದೆ. 15ಕ್ಕಿಂತ ಕೆಳಗಿಳಿಸಿ ಜೋರಾಗಿ ತಿರುವು ತೆಗೆದುಕೊಂಡರೆ ಟೈರ್ ರಿಮ್ಮಿನಿಂದ ಕಳಚುವ ಅಪಾಯವಿದೆ. ಗಾಳಿ ಇಳಿಸಿದ ಟೈರಿನಲ್ಲಿ ವೇಗ ಬೇಡ, ಗಟ್ಟಿ ರಸ್ತೆ ಸಿಕ್ಕ ಕೂಡಲೇ ತುಂಬಿಸಿಕೊಳ್ಳಬೇಕು. ಕಂಪ್ರೆಸರ್ ಇಲ್ಲದವನಿಗೆ ಗಾಳಿ ಇಳಿಸುವ ಧೈರ್ಯವೇ ಬರುವುದಿಲ್ಲ. ಹೊಸ ಟೈರ್ ಆರಿಸುವಾಗ ಅದರ ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರವನ್ನು ಸೂಚಿಸುವ ಸಂಖ್ಯೆ) ಮೂಲ ಟೈರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ.

ವಿಂಚ್ ವಿಷಯದಲ್ಲಿ ನಾನು ವಿರೋಧಿಯಲ್ಲ. ಒಂಟಿಯಾಗಿ ಕೆಸರಿನ ಪ್ರದೇಶಕ್ಕೆ ಹೋಗುವವರಿಗೆ ಅದು ಬೇಕೇ ಬೇಕು. ಆಗ ಗಾಡಿಯ ಗರಿಷ್ಠ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದನ್ನು ತೆಗೆದುಕೊಳ್ಳಬೇಕು, ನಿಮ್ಮದಕ್ಕೆ 4,200 ಕಿಲೋ. ಪೆಟ್ಟಿಗೆಯ ಮೇಲೆ ಬರೆದ ಸಾಮರ್ಥ್ಯ ಡ್ರಮ್ಮಿನ ಮೊದಲ ಸುತ್ತಿಗೆ ಮಾತ್ರ ನಿಜ, ಪ್ರತಿ ಪದರಕ್ಕೂ ಅದು ಕುಗ್ಗುತ್ತದೆ. ಆದರೆ ಕಟ್ಟಲು ಮರವಾಗಲಿ ಬಂಡೆಯಾಗಲಿ ಇಲ್ಲದ ಮರಳಿನಲ್ಲಿ ವಿಂಚ್ ನಿಂತು ನೋಡುತ್ತದೆ, ಚಕ್ರದಡಿ ಹಿಡಿತಕ್ಕೆ ಇಡುವ, ಎಂಟು ಕಿಲೋದ ಎರಡು ಟ್ರ್ಯಾಕ್ಷನ್ ಬೋರ್ಡುಗಳು ಗಾಡಿಯನ್ನು ಮೇಲೆತ್ತುತ್ತವೆ.

ಇನ್ನೊಂದು ಮಾತನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಹೂತುಹೋದ ಗಾಡಿಯನ್ನು ಎಂದಿಗೂ ಟೋ ಬಾಲ್‌ಗೆ (ಟ್ರೇಲರ್ ಜೋಡಿಸುವ ಉಕ್ಕಿನ ಉಂಡೆ) ಹಗ್ಗ ಹಾಕಿ ಎಳೆಯಬೇಡಿ, ಬೇರೆಯವರಿಗೂ ಎಳೆಯಲು ಬಿಡಬೇಡಿ. ನೈಲಾನಿನ ಕೈನೆಟಿಕ್ ಹಗ್ಗ ಶೇಕಡಾ 20ರಿಂದ 30ರಷ್ಟು ಹಿಗ್ಗಿ ಶಕ್ತಿಯನ್ನು ತನ್ನೊಳಗೆ ತುಂಬಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಟೋ ಬಾಲ್ ಮುರಿದರೆ ಉಕ್ಕಿನ ಉಂಡೆ ಗಾಜನ್ನು ಸೀಳಿಕೊಂಡು ಒಳಗೆ ನುಗ್ಗುತ್ತದೆ. ಹೀಗೆ ಜೀವಗಳು ಹೋಗಿವೆ. ಚಾಸಿಗೆ ಬೋಲ್ಟ್ ಮಾಡಿದ, ಸಾಮರ್ಥ್ಯ ನಮೂದಿಸಿದ ರಿಕವರಿ ಪಾಯಿಂಟುಗಳನ್ನು ಮುಂದೆಯೂ ಹಿಂದೆಯೂ ಹಾಕಿಸುವುದೂ ಟೈರಿನ ಜೊತೆಗೆ ನಿಮ್ಮ ಮೊದಲ ಖರ್ಚುಗಳಲ್ಲಿ ಒಂದಾಗಲಿ. ಎಳೆಯುವಾಗ ಮಕ್ಕಳು ಹಗ್ಗದ ಉದ್ದಕ್ಕಿಂತ ಬಹಳ ದೂರದಲ್ಲಿ, ಪಕ್ಕಕ್ಕೆ ನಿಂತಿರಲಿ.

ದಾರಿಹೋಕ

ಮೂವರಿಗೂ ಮನಃಪೂರ್ವಕ ಧನ್ಯವಾದ. ನಿನ್ನೆ ರಾತ್ರಿ ನಾವಿಬ್ಬರೂ ಕುಳಿತು ಪಟ್ಟಿಯನ್ನು ಮತ್ತೆ ಬರೆದೆವು. ಬಂಪರ್ ಮತ್ತು ವಿಂಚ್ ಸದ್ಯಕ್ಕೆ ಬಿಟ್ಟೆವು. ರೂಫ್ ಟೆಂಟ್ ಬದಲು ನೆಲದ ಟೆಂಟ್ 15 ಕಿಲೋ, ಡ್ರಾಯರ್‌ಗಳ ಬದಲು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗಳು 12, ಚಾರ್ಜರ್ ಮತ್ತು ವೈರು ಸೇರಿ ಲಿಥಿಯಂ ಬ್ಯಾಟರಿ 18, ಫ್ರಿಜ್ 45, ನೀರು 60, ಒಂದೇ ಕ್ಯಾನ್ ಡೀಸೆಲ್ 21, ಉಪಕರಣ ಮತ್ತು ರಿಕವರಿ ಸಾಮಗ್ರಿ 45, ನಮ್ಮ ಸಾಮಾನು 70. ಒಟ್ಟು 286, ಇನ್ನೂ 94 ಕಿಲೋ ಉಳಿಯುತ್ತದೆ.

ಎರಡು ಸಂದೇಹಗಳಿವೆ. ನಾಲ್ವರಿಗೆ ದಿನಕ್ಕೆ ಒಬ್ಬರಿಗೆ 5 ಲೀಟರಿನಂತೆ ಲೆಕ್ಕ ಹಾಕಿದರೆ 60 ಲೀಟರ್ ನೀರು ಮೂರೇ ದಿನಕ್ಕೆ ಮುಗಿಯುತ್ತದೆ. ಉಳಿದ 94 ಕಿಲೋದಲ್ಲಿ ನೀರನ್ನೇ ಹೆಚ್ಚಿಸುವುದು ಸರಿಯೇ? ಮತ್ತು ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಒಟ್ಟು ತೂಕದ ಮಿತಿ ಹೆಚ್ಚುತ್ತದೆ ಎಂದು ಗ್ಯಾರೇಜಿನವರೊಬ್ಬರು ಹೇಳಿದರು. ಅದು ನಿಜವೇ?

ಉತ್ತರ: ಬಯಲಿನ ರಾತ್ರಿ

ನೀರಿನ ಬಗ್ಗೆ: ಹೌದು, ಹೆಚ್ಚಿಸಿ. ದಾರಿಯಲ್ಲಿ ಮತ್ತೆ ತುಂಬಿಸಿಕೊಳ್ಳುವ ಜಾಗಗಳ ನಡುವೆ ಎಷ್ಟು ದಿನದ ಅಂತರವಿದೆಯೋ ಅದಕ್ಕೆ ಇನ್ನೊಂದು ದಿನ ಕೂಡಿಸಿ ಲೆಕ್ಕ ಹಾಕಬೇಕು. ಎಲ್ಲವನ್ನೂ ಒಂದೇ ಟ್ಯಾಂಕಿನಲ್ಲಿ ತುಂಬಿಸಬೇಡಿ. ಒಂದು ಕಲ್ಲು ತಾಗಿ ತೂತಾದರೆ ಇಡೀ ನೀರು ಹೋಗುತ್ತದೆ. 20 ಲೀಟರಿನ ನಾಲ್ಕು ಕ್ಯಾನುಗಳಾದರೆ ಹೋಗುವುದು ಒಂದೇ.

ಪೆಟ್ಟಿಗೆ, ಕ್ಯಾನು, ಫ್ರಿಜ್ ಎಲ್ಲವನ್ನೂ ಲೋಹದ ಕೊಂಡಿಗಳಿಗೆ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯಿರಿ. ಗಾಡಿ ಎಲ್ಲಾದರೂ ಢಿಕ್ಕಿ ಹೊಡೆದು ನಿಂತರೆ ಕಟ್ಟದ ಫ್ರಿಜ್ ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಬರುತ್ತದೆ, ನಿಮ್ಮ ಗಾಡಿಯಲ್ಲಿ ಅದರ ಮುಂದೆ ಕುಳಿತಿರುವವರು ಮಕ್ಕಳು. ಡ್ರಾಯರ್ ಬಿಟ್ಟರೂ ಸೀಟಿನ ಹಿಂದೆ ಜಾಲರಿಯ ತಡೆ ಇರಲಿ.

ರೂಫ್ ಟೆಂಟ್ ಬಿಟ್ಟದ್ದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ನೆಲ ಒದ್ದೆಯಾದಾಗ, ಕಲ್ಲು ತುಂಬಿರುವಾಗ ಅದರ ಸುಖ ಬೇರೆಯೇ. ಆದರೆ ಎರಡು ರಾತ್ರಿ ಒಂದೇ ಜಾಗದಲ್ಲಿದ್ದು ಗಾಡಿಯಲ್ಲಿ ಸುತ್ತಾಡಿ ಬರಬೇಕೆಂದರೆ ಮನೆಯನ್ನೇ ಮಡಚಿಕೊಂಡು ಹೋಗಬೇಕಾಗುತ್ತದೆ, ಮಕ್ಕಳು ನಿದ್ದೆಗಣ್ಣಿನಲ್ಲಿ ಏಣಿ ಇಳಿಯಬೇಕಾಗುತ್ತದೆ. ಯಾವ ಟೆಂಟೇ ಆಗಲಿ, ಚಳಿಗೆಂದು ಒಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತದೆ.

ಉತ್ತರ: ಹಳೆಯ ಚಾಲಕ

ಸ್ಪ್ರಿಂಗ್ ಬಗ್ಗೆ ನಾನು ಹೇಳುತ್ತೇನೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿಯ ಹಿಂಭಾಗ ಕುಸಿಯದಿರಬಹುದು, ಆದರೆ ಬ್ರೇಕ್, ಆಕ್ಸಲ್, ಬೇರಿಂಗ್, ಚಾಸಿ ಎಲ್ಲವೂ ಮೊದಲಿನವೇ ಆಗಿರುತ್ತವೆ. ಸ್ಪ್ರಿಂಗ್ ಬದಲಾದ ಮಾತ್ರಕ್ಕೆ 2,800 ಎಂಬ ಮಿತಿ ಬದಲಾಗುವುದಿಲ್ಲ.

ಹಾಗೆಂದು ಸ್ಪ್ರಿಂಗ್ ಬೇಡವೆಂದಲ್ಲ. ಅದು ಪಟ್ಟಿಯ ಕೊನೆಯಲ್ಲಿ ಬರಬೇಕು. ಸ್ಪ್ರಿಂಗನ್ನು ಆರಿಸುವುದು ಗಾಡಿ ಸದಾ ಹೊರುವ ಭಾರಕ್ಕೆ ತಕ್ಕಂತೆ. ಆ ಭಾರ ಎಷ್ಟೆಂದು ಗೊತ್ತಾಗುವ ಮೊದಲೇ ಅತಿ ಗಟ್ಟಿಯಾದದ್ದನ್ನು ಹಾಕಿಸಿದರೆ, ಉಳಿದ ದಿನಗಳಲ್ಲಿ ಖಾಲಿ ಗಾಡಿ ಪ್ರತಿ ಗುಂಡಿಗೂ ಕುಪ್ಪಳಿಸಿ ಚಕ್ರಗಳು ನೆಲದ ಹಿಡಿತ ಕಳೆದುಕೊಳ್ಳುತ್ತವೆ. 5 ಸೆಂಟಿಮೀಟರ್ ಎತ್ತರಿಸುವುದೂ ಹಾಗೆಯೇ: ನೆಲದಿಂದ ಅಂತರ ಸಿಗುತ್ತದೆ, ಅದರ ಜೊತೆಗೆ ಗುರುತ್ವ ಕೇಂದ್ರ ಮೇಲೇರುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳ ಕೋನ ಬದಲಾಗುತ್ತದೆ, ವೀಲ್ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟನ್ನು ಮತ್ತೆ ಸರಿಪಡಿಸಬೇಕಾಗುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಹೊಸ ಪಟ್ಟಿಯಂತೆ ಎಲ್ಲವನ್ನೂ ತುಂಬಿ, ನೀರನ್ನೂ ತುಂಬಿ, ನಾಲ್ವರೂ ಕುಳಿತು ವೇಬ್ರಿಡ್ಜಿಗೆ ಹೋಗಿ. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ಅಂಕಿ, ಆಮೇಲೆ ಇಡೀ ಗಾಡಿಯದು, ಕೊನೆಗೆ ಹಿಂದಿನ ಚಕ್ರಗಳದು ಬರೆದುಕೊಳ್ಳಿ. ಆಕ್ಸಲ್‌ಗಳಿಗೂ ಪ್ರತ್ಯೇಕ ಮಿತಿಗಳಿವೆ, ಒಟ್ಟು ತೂಕ ಸರಿಯಿದ್ದೂ ಹಿಂದಿನದು ಮೀರಿರಬಹುದು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಅಂತರವಿದೆ ಎಂಬುದನ್ನು ಖಾಲಿಯಿದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ, ನಾಲ್ಕೂ ಕಡೆ ಅಳೆಯಿರಿ. ಆ ಅಂಕಿಗಳನ್ನು ಇಲ್ಲಿ ಬರೆಯಿರಿ, ಸ್ಪ್ರಿಂಗ್ ಬೇಕೇ ಬೇಡವೇ, ಬೇಕಾದರೆ ಎಷ್ಟು ಗಟ್ಟಿಯದು ಎಂಬುದನ್ನು ಅವುಗಳನ್ನು ನೋಡಿ ಹೇಳುತ್ತೇನೆ.