ಒದ್ದೆ ಕಂಬಳಿಗೂ ಕೋರ್ಟಿಗೆ ಹೋಗಬಹುದಾ?

ಸಾಲುಮನೆ ಪಕ್ಕದವ: ನಮ್ಮ ತೋಟದ ಸಾಲುಮನೆಯಲ್ಲಿದ್ದ ಅಸ್ಸಾಂ ಹುಡುಗ ಮೆಣಸು ಕದ್ದ ಕೇಸಲ್ಲಿ ಆರು ತಿಂಗಳಿಂದ ಒಳಗಿದ್ದಾನೆ. ವಿಚಾರಣೆ ಶುರುವೇ ಆಗಿಲ್ಲ. ಕಕ್ಕಡ ತಿಂಗಳ ಮಳೆಗೆ ಗೋಡೆ ಜಿನುಗುತ್ತಂತೆ, ಕಂಬಳಿ ಒಣಗಲ್ಲ, ಮೈತುಂಬ ಕಜ್ಜಿ. ಇದಕ್ಕೆ ಕೈದಿ ಕೇಸ್ ಹಾಕಬಹುದಾ?

ಗೋಣಿಕೊಪ್ಪ ಬೆಳೆಗಾರ: ನನ್ನ ಬಳ್ಳಿಯ ಮೆಣಸು ಹೋಯ್ತಲ್ಲ, ನಾನ್ಯಾರ ಮೇಲೆ ಕೇಸ್ ಹಾಕಲಿ? ಜುಲೈಯಲ್ಲಿ ನಮ್ಮ ಮನೆ ಕಂಬಳಿಯೂ ಒಣಗಲ್ಲ. ಜೈಲೇನು ಹೋಂಸ್ಟೇನಾ?

ಕರಿಕೋಟು: ಹಾಕಬಹುದು. ತಿಹಾರ್ ಜೈಲಲ್ಲಿ ಗಲ್ಲುಶಿಕ್ಷೆಯಾಗಿದ್ದ ಸುನಿಲ್ ಬಾತ್ರಾ, ಇನ್ನೊಬ್ಬ ಕೈದಿಗೆ ವಾರ್ಡರ್ (ಜೈಲು ಕಾವಲುಗಾರ) ಕೊಟ್ಟ ಹಿಂಸೆ ಬಗ್ಗೆ ಸುಪ್ರೀಂ ಕೋರ್ಟ್ ಜಡ್ಜ್ ಒಬ್ಬರಿಗೆ ಪತ್ರ ಬರೆದ. ಆ ಪತ್ರವನ್ನೇ ರಿಟ್ ಅರ್ಜಿ, ಅಂದರೆ ಹಕ್ಕು ಕಾಪಾಡಿ ಅಂತ ಕೋರ್ಟಿಗೆ ಹಾಕೋ ಅರ್ಜಿ, ಅಂತ ತಗೊಂಡರು. 1979ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬಂತು. ಕೋರ್ಟ್ ಕಸಿದಿದ್ದು ಓಡಾಟದ ಸ್ವಾತಂತ್ರ್ಯ, ಕಜ್ಜಿ ಶಿಕ್ಷೆಯ ಪಟ್ಟಿಯಲ್ಲಿಲ್ಲ. ಅದೂ ಈ ಹುಡುಗನಿಗೆ ಇನ್ನೂ ಶಿಕ್ಷೆಯೇ ಆಗಿಲ್ಲ.

ವಿರಾಜಪೇಟೆ ಅಕ್ಕ: ಕಂಬಳಿ ಆಮೇಲೆ. ಜಾಮೀನು ಯಾಕೆ ಸಿಗಲಿಲ್ಲ?

ಸಾಲುಮನೆ ಪಕ್ಕದವ: ಸಿಕ್ಕಿದೆ ಅಕ್ಕ, ಶ್ಯೂರಿಟಿ ಇಲ್ಲ, ಅವನಿಗೆ ಹೊಣೆ ನಿಲ್ಲೋರಿಲ್ಲ. ಅಣ್ಣ ಊರಲ್ಲಿದ್ದಾನೆ. ಇಲ್ಲಿ ಆರ್‌ಟಿಸಿ (ಜಮೀನಿನ ಪಹಣಿ) ಇರೋರು ಯಾರೂ ಮುಂದೆ ಬರಲ್ಲ.

ಕರಿಕೋಟು: ಹಾಗಾದ್ರೆ ಮೋತಿರಾಮ್ ಕೇಸ್ ಓದಿ, 1978. ಮಧ್ಯಪ್ರದೇಶದ ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟ್ ಒಪ್ಪಲಿಲ್ಲ. ಅದು ತಪ್ಪು ಅಂದು, ದೆಹಲಿಯ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದ ಮಲಯಾಳಿಯೋ ಕನ್ನಡಿಗನೋ ಏನು ಮಾಡಬೇಕು ಅಂತ ಕೇಳಿದ್ದೂ ಇದೇ ಕೃಷ್ಣ ಅಯ್ಯರ್. ಆ ಪ್ರಶ್ನೆ ಈಗ ಅಸ್ಸಾಮಿನವನಾಗಿ ನಮ್ಮ ತೋಟಕ್ಕೇ ಬಂದಿದೆ ನೋಡಿ.

ಗೋಣಿಕೊಪ್ಪ ಬೆಳೆಗಾರ: ಬಿಟ್ಟರೆ ರೈಲು ಹತ್ತಿ ಓಡಿಹೋಗ್ತಾನೆ. ನಂಗೊತ್ತು.

ವಿರಾಜಪೇಟೆ ಅಕ್ಕ: ಓಡಬಹುದು, ಇಲ್ಲ ಅನ್ನಲ್ಲ. ಆದ್ರೆ ಬಿಹಾರದ ರುದುಲ್ ಸಾಹ್ ಖುಲಾಸೆಯಾದ ಮೇಲೂ 14 ವರ್ಷ ಒಳಗಿದ್ದ. 1983ರಲ್ಲಿ ಕೋರ್ಟ್ ಕೊಡಿಸಿದ ಪರಿಹಾರ 35,000 ರೂಪಾಯಿ. ವರ್ಷಕ್ಕೆ ಲೆಕ್ಕ ಹಾಕಿ. ನಿಮ್ಮ ಎಷ್ಟು ಕಿಲೋ ಮೆಣಸಾಗುತ್ತೆ?

ಕರಿಕೋಟು: ಮಾಮೂಲಿ ಕಳ್ಳತನಕ್ಕೆ ಹೆಚ್ಚೆಂದರೆ 3 ವರ್ಷ. ಮೊದಲ ಸಲದ ಆರೋಪಿ ಅದರ ಮೂರನೇ ಒಂದು ಭಾಗ ಒಳಗೇ ಕಳೆದರೆ ಬಾಂಡ್ (ಮುಚ್ಚಳಿಕೆ) ಮೇಲೆ ಬಿಡಬೇಕು, ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 479. ಅಂದರೆ ಇನ್ನೂ ಆರು ತಿಂಗಳು. ಅಲ್ಲಿವರೆಗೆ ಕಾಯಬೇಡಿ, ಮಡಿಕೇರಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆಯಿರಿ. ಕಸ್ಟಡಿಯಲ್ಲಿರೋನಿಗೆ ವಕೀಲರು ಉಚಿತ.

ಸಾಲುಮನೆ ಪಕ್ಕದವ: ಕನ್ನಡದಲ್ಲೇ ಬರೀಲಾ?

ಕರಿಕೋಟು: ಕನ್ನಡದಲ್ಲೇ. ಶ್ಯೂರಿಟಿದು ಮೊದಲು, ಕಜ್ಜಿದು ಕೆಳಗೆ.

ಗೋಣಿಕೊಪ್ಪ ಬೆಳೆಗಾರ: ಕಂಬಳಿ ನಾನೇ ಕಳಿಸ್ತೀನಿ, ಒಣಗಿದ್ದು. ಶ್ಯೂರಿಟಿ ಮಾತ್ರ ಕೇಳಬೇಡಿ.